ಸಾರಿಸದ ಅಂಗಳದ ಜೇನು

ಗೋಪಿನಾಥಂ
11 ಜನವರಿ 2023

ಪೂಜ್ಯ ಜ್ಯೋತಿಲಕ್ಷ್ಮಿ ಮೇಡಂ ಅವರಿಗೆ ದೇವರಾಜು ಮಾಡುವ ನಮಸ್ಕಾರಗಳು.

ನನ್ನ ನೆನಪು ನಿಮಗಿರಲಾರದು. ಕೊಳ್ಳೇಗಾಲದಲ್ಲಿ ಪಿಯುಸಿ ಓದುವಾಗ, ನಿಮ್ಮ ಜೀವಶಾಸ್ತ್ರದ ಲ್ಯಾಬಿನಲ್ಲಿ ಕಪ್ಪೆ ಕೊಯ್ಯಲು ಹೆದರಿ ಬೆಂಚಿನ ಕೆಳಗೆ ಕೂತಿದ್ದವನು ನಾನೇ. ನೀವು ಬೈಯಲಿಲ್ಲ. "ಹೊರಗೆ ಹೋಗಿ ಏನಾದರೂ ಜೀವಂತವಾಗಿರುವುದನ್ನು ನೋಡಿಕೊಂಡು ಬಾ" ಎಂದಿರಿ. ಹೋದವನು ವಾಪಸು ಬರಲಿಲ್ಲ, ಸಿನಿಮಾಕ್ಕೆ ಹೋದೆ. ಈಗ ಜೀವಂತವಾಗಿರುವುದೊಂದು ಸಿಕ್ಕಿದೆ, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ತಡವಾಯಿತು.

ನಾನು ಇಲ್ಲಿ ಅಂಚೆ ಶಾಖೆ ನೋಡಿಕೊಳ್ಳುತ್ತಿದ್ದೇನೆ. ಊರಾಚೆ ಒಂದು ಮಣ್ಣಿನ ಅಂಗಳದ ಮನೆ. ಆ ಅಂಗಳದ ತುಂಬ ಹೊಸ ವರ್ಷದಿಂದ ತೂತುಗಳು ಬೀಳುತ್ತಿವೆ. ಪೆನ್ಸಿಲು ತೂರುವಷ್ಟು ಅಗಲ, ಸುತ್ತ ಪುಡಿಮಣ್ಣಿನ ಸಣ್ಣ ಗುಡ್ಡೆ. ಬಿಸಿಲೇರಿದ ಮೇಲೆ ಒಳಗಿಂದ ಜೇನಿನಂಥ ಹುಳುಗಳು ಹೊರಟು ಹುಚ್ಚೆಳ್ಳು ಹೊಲದ ಕಡೆ ಹೋಗಿ, ಕಾಲಿಗೆ ಹಳದಿ ಮೆತ್ತಿಕೊಂಡು ಬರುತ್ತವೆ. ಒಂದರ ತೂತಿಗೆ ಇನ್ನೊಂದು ಇಳಿಯುವುದಿಲ್ಲ.

ಪಕ್ಕದ ಹೊಲದ ಪುಟ್ಟಮಾದಯ್ಯ ದಿನಾ ಬಂದು ನಿಂತು, "ಲೇ ದೇವರಾಜು, ಒಸಿ ಸೀಮೆಣ್ಣೆ ಉಯ್ದ್ಬುಡು ಕಣ್ಲಾ, ಎಲ್ಲಾ ಮಲಿಕತವೆ" ಅನ್ನುತ್ತಾನೆ. ನಾನು ತಡೆದಿಟ್ಟಿದ್ದೇನೆ. ಆದರೆ ನನ್ನ ಕಷ್ಟ ಬೇರೆ. ನನ್ನ ಹೆಂಡತಿ ರೋಜಾ ಸದ್ಯಕ್ಕೆ ಲೊಕ್ಕನಹಳ್ಳಿಯ ತವರಿನಲ್ಲಿದ್ದಾಳೆ, ಯುಗಾದಿಗೆ ಬರುತ್ತಾಳೆ. ಚಿಕ್ಕಂದಿನಲ್ಲಿ ಹೆಜ್ಜೇನು ಕಚ್ಚಿ ಮುಖವೆಲ್ಲ ಊದಿಕೊಂಡಿತ್ತಂತೆ. ಜೇನೆಂದರೆ ಇಂದಿಗೂ ನಡುಗುತ್ತಾಳೆ. ಅವಳು ಬರುವುದರೊಳಗೆ ಇದು ಯಾವ ಜಾತಿ, ಕಚ್ಚುತ್ತದೋ ಇಲ್ಲವೋ ನನಗೆ ತಿಳಿಯಲೇಬೇಕು. ಅವಳು ಅಂಗಳದಿಂದಲೇ ವಾಪಸು ಹೋಗುವಂತಾಗಬಾರದು.

ಒಂದನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಕಳಿಸಿದ್ದೇನೆ. ಇಲ್ಲಿ ಟವರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದಾಗ ಫೋಟೋ ಬೇಕಾದರೂ ಕಳಿಸಬಲ್ಲೆ.

ನಿಮ್ಮ ವಿಧೇಯ,
ದೇವರಾಜು


ಕೊಳ್ಳೇಗಾಲ
24 ಜನವರಿ 2023

ಚಿ. ದೇವರಾಜುವಿಗೆ ಆಶೀರ್ವಾದಗಳು.

ನೀನೂ ನೆನಪಿದ್ದೀಯ, ಕಪ್ಪೆಯೂ ನೆನಪಿದೆ. ಸಿನಿಮಾ ಯಾವುದೆಂದು ಬರೆದಿಲ್ಲ.

ನಿನ್ನ ಬೆಂಕಿಪೊಟ್ಟಣ ಹಪ್ಪಳವಾಗಿ ತಲುಪಿತು. ಅದರ ನೆತ್ತಿಯ ಮೇಲೆ ಬಿದ್ದಿರುವ ಸೀಲು ಗೋಪಿನಾಥಂನದು. ದಾರಿಯಲ್ಲಿ ಯಾರೂ ಮಾಡದ ಕೆಲಸವನ್ನು ಪೋಸ್ಟ್ ಮಾಸ್ಟರ್ ಸಾಹೇಬರೇ ಮೊದಲು ಮಾಡಿ ಮುಗಿಸಿದ್ದಾರೆ. ಸೀಲು ಹೊಡೆಯುವ ಕೈಗೆ ಎದುರಿಗಿರುವುದು ಏನೆಂದು ನೋಡುವ ಅಭ್ಯಾಸ ಇರುವುದಿಲ್ಲವೇನೋ.

ಉಳಿದ ಚೂರುಗಳ ಮೇಲೆ ಬೆರಳಾಡಿಸಿದೆ. ಕೂದಲೇ ಸಿಗಲಿಲ್ಲ, ಬರೀ ಬೋಳು. ಬೋಳು ಮೈಯ ಜೇನು ಪರಾಗ ಹೊರುವುದಿಲ್ಲ, ನೆಲ ತೋಡುವುದೂ ಇಲ್ಲ. ಇನ್ನೊಬ್ಬಳು ತೋಡಿದ ಗೂಡಿಗೆ ಕದ್ದು ಇಳಿದು ಮೊಟ್ಟೆ ಇಟ್ಟು ಬರುತ್ತದೆ, ಕೋಗಿಲೆಯ ಹಾಗೆ. ನೀನು ಮನೆಯ ಯಜಮಾನಿಯನ್ನು ಬಿಟ್ಟು ಬಾಗಿಲಲ್ಲಿ ಸುಳಿದಾಡುತ್ತಿದ್ದವಳನ್ನು ಹಿಡಿದಿದ್ದೀಯ. ಮೈ ತುಂಬ ಕೂದಲಿರುವ, ಕಾಲಿಗೆ ಹಳದಿ ಮೆತ್ತಿಕೊಂಡದ್ದನ್ನು ಕಳಿಸು.

ಕಚ್ಚುತ್ತದೆಯೇ ಎಂದು ಕೇಳಿದ್ದೀಯ. ನೆಲ ತೋಡಿ ಒಂಟಿಯಾಗಿ ಬದುಕುವ ಜೇನು ಮೇಲೆ ಬಿದ್ದು ಕಚ್ಚುವುದಿಲ್ಲ. ಕಾಯಲು ಅದಕ್ಕೆ ತುಪ್ಪದ ಕಣಜವಿಲ್ಲ, ರಾಣಿಯಿಲ್ಲ. ಮುಷ್ಟಿಯಲ್ಲಿ ಹಿಸುಕಿದರೆ ಚುಚ್ಚೀತು, ಅಷ್ಟೇ. ಇದನ್ನು ಇವತ್ತೇ ರೋಜಾಳಿಗೆ ತಿಳಿಸು. ಯುಗಾದಿಯವರೆಗೆ ಕಾಯುವ ಅಗತ್ಯವಿಲ್ಲ.

ಇನ್ನು ನನ್ನ ಕಟ್ಟಳೆಗಳು. ಮಾದರಿಯ ಜೊತೆ ಚೀಟಿ ಇರಬೇಕು: ಊರು, ತಾರೀಕು, ಎಂಥ ನೆಲ, ಹಿಡಿದವರ ಹೆಸರು. ಕೊನೆಯಲ್ಲಿ "ಗುರುತಿಸಿದವರು" ಎಂದು ಬರೆದು ಜಾಗ ಬಿಡು. ಲಕ್ಷಣಗಳನ್ನು ಕಣ್ಣಾರೆ ಕಂಡವರು ಮಾತ್ರ ಅಲ್ಲಿ ಹೆಸರು ಹಾಕತಕ್ಕದ್ದು. ಫೋಟೋ ಬೇಡ. ಫೋಟೋದಲ್ಲಿ ಹುಳು ಹೊಳೆಯುತ್ತದೆ, ಲಕ್ಷಣ ಕಾಣುವುದಿಲ್ಲ. ನೋಡಿದ್ದನ್ನು ಮಾತಿನಲ್ಲಿ ಬರೆ. ಕಪ್ಪು ಶಾಯಿಯಲ್ಲಿ, ದಪ್ಪಗೆ, ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆ.

ಜ್ಯೋತಿಲಕ್ಷ್ಮಿ


ಗೋಪಿನಾಥಂ
6 ಫೆಬ್ರವರಿ 2023

ಪೂಜ್ಯ ಮೇಡಂ ಅವರಿಗೆ ನಮಸ್ಕಾರಗಳು.

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಕಾಲೇಜಿನಲ್ಲೇ ಹೇಳಿದ್ದಿರಿ. ಇಷ್ಟು ವರ್ಷವಾದರೂ ಬಿಡಲಿಲ್ಲವಲ್ಲ! ಅಪ್ಪಣೆಯಂತೆ ಒಂದನೇ ತರಗತಿಯ ಮಗುವಿನ ಹಾಗೆ ಗುಂಡಗೆ ಬರೆದಿದ್ದೇನೆ. ಒಂದು ಪುಟದ ವಿಷಯಕ್ಕೆ ನಾಲ್ಕು ಪುಟ ಹಿಡಿಯಿತು. ನಿಮ್ಮ ಅಕ್ಷರವೂ ಬೋರ್ಡಿನ ಮೇಲೆ ಬರೆದಷ್ಟು ದೊಡ್ಡದಿದೆ, ಮೇಷ್ಟರಿಕೆ ಬಿಟ್ಟರೂ ಬೋರ್ಡು ಬಿಟ್ಟಿಲ್ಲ ಎಂದು ನಕ್ಕೆ.

ಈ ಸಲ ಹತ್ತಿ ಸುತ್ತಿ, ಔಷಧದ ಡಬ್ಬಿಯಲ್ಲಿಟ್ಟು, ಸೀಲನ್ನು ಮೂಲೆಯಲ್ಲಿ ಮೆಲ್ಲಗೆ ಒತ್ತಿದ್ದೇನೆ. ಒಳಗಿರುವುದು ಯಜಮಾನಿಯೇ. ಮೈ ಕಪ್ಪು, ಬೆನ್ನ ಮೇಲೆ ಕಂದು ತುಪ್ಪಳ, ಹೊಟ್ಟೆಯ ಮೇಲೆ ತೆಳ್ಳನೆ ಬಿಳಿ ಪಟ್ಟೆ. ಹುಚ್ಚೆಳ್ಳು ಹೂವಿನ ಪುಡಿ ಕಾಲಲ್ಲಿ ಹಾಗೇ ಇದೆ. ಪಿಂಚಣಿಯವರ ಹೆಬ್ಬೆಟ್ಟು ನೋಡಲೆಂದು ಇಟ್ಟುಕೊಂಡಿರುವ ಭೂತಗನ್ನಡಿಯಲ್ಲಿ ಮುಖ ನೋಡಿದೆ. ಮುಖ ಮುಖದ ಹಾಗೇ ಇತ್ತು. ನನಗೆ ಬೇರೇನೂ ತೋಚಲಿಲ್ಲ.

ನಾನು ಬಗ್ಗಿ ಕೂತಿದ್ದನ್ನು ನೋಡಿ ಪುಟ್ಟಮಾದಯ್ಯ, "ಏನ್ಲಾ, ಉಳಾ ಪೂಜೆ ಮಾಡ್ತಿದ್ದೀಯಾ?" ಅಂದ. ಕೊಳ್ಳೇಗಾಲದ ದೊಡ್ಡ ಮೇಡಂ ಹೇಳಿದ್ದಾರೆ ಅಂದೆ. ದೊಡ್ಡ ಮೇಡಂ ಎಂದ ಕೂಡಲೇ ಸೀಮೆಎಣ್ಣೆಯ ಮಾತು ನಿಲ್ಲಿಸಿದ.

ಚೀಟಿ ಹೀಗಿದೆ: ಗೋಪಿನಾಥಂ. 5 ಫೆಬ್ರವರಿ 2023. ಅಂಗಳ. ಹಿಡಿದವರು: ದೇವರಾಜು.

ರೋಜಾಳಿಗೆ ಹೇಳಿದೆ. ನಕ್ಕಳು. ಯುಗಾದಿಗೆ ಖಂಡಿತ ಬರುತ್ತಾಳೆ.

ದೇವರಾಜು


ಕೊಳ್ಳೇಗಾಲ
19 ಫೆಬ್ರವರಿ 2023

ಚಿ. ದೇವರಾಜುವಿಗೆ ಆಶೀರ್ವಾದಗಳು.

ಡಬ್ಬಿ ಸುಖವಾಗಿ ಬಂದಿತು. ತುಪ್ಪಳವಿದೆ, ಪುಡಿಯಿದೆ, ಒಪ್ಪಿದೆ. ಆದರೆ ಹೆಸರು ನಾನು ಹೇಳುವುದಿಲ್ಲ, ನೀನೇ ಹೇಳಬೇಕು. ಅದಕ್ಕೇ ಹಿಂದಿನ ಪಾಠ ಮುಂದುವರಿಸುತ್ತಿದ್ದೇನೆ. ಇನ್ನೊಂದನ್ನು ಹಿಡಿದು ನಾನು ಹೇಳುವಲ್ಲಿ ನೋಡು.

ಮೊದಲು ಹಿಂಗಾಲು. ಪರಾಗ ಹೊರುವ ಕೂದಲು ಎಲ್ಲಿಂದ ಶುರುವಾಗುತ್ತದೆ? ಕಾಲು ಮೈಗೆ ಸೇರುವ ಬುಡದಲ್ಲಿ ಒಂದು ಗುಂಗುರು ಕುಚ್ಚು ಇದೆಯೇ? ಆಮೇಲೆ ರೆಕ್ಕೆ. ಬುಡದ ಹತ್ತಿರ ಅಡ್ಡಲಾಗಿ ಹೋಗುವ ನರ ನೆಟ್ಟಗಿದೆಯೋ, ಬಿಲ್ಲಿನ ಹಾಗೆ ಬಾಗಿದೆಯೋ? ಬಾಗಿದ್ದರೆ ಅದು ನಮ್ಮ ಬೆವರಿಗೆ ಮುತ್ತುವ ಸಣ್ಣ ಜೇನಿನ ಬಳಗ, ಎಲ್ಲ ಕಡೆ ಇದೆ, ಅದರಲ್ಲಿ ವಿಶೇಷವಿಲ್ಲ.

ನೆಟ್ಟಗಿದ್ದರೆ ಮುಖ ನೋಡಬೇಕು. ಹೆಣ್ಣಿನ ಮುಖದಲ್ಲಿ, ಎರಡೂ ಕಣ್ಣುಗಳ ಒಳ ಅಂಚಿಗೆ, ಮಖಮಲ್ಲು ಹಚ್ಚಿ ಹೊಲಿದಂತೆ ಒಂದೊಂದು ತಗ್ಗು ಪಟ್ಟಿ ಇರಬೇಕು. ನೇರ ನೋಡಿದರೆ ಅದು ಕಾಣುವುದಿಲ್ಲ. ಓರೆಯಾಗಿ ಹಿಡಿ. ಬೆಳಕು ಪಕ್ಕದಿಂದ ಬೀಳಲಿ. ಆಗ ಮಿನುಗುತ್ತದೆ. ಈ ಮೂರೂ ಕೂಡಿದರೆ ಅದು ಆಂಡ್ರೀನಾ ಎಂಬ ಕುಲ. ಚಳಿಸೀಮೆಯದು, ಉತ್ತರದ ಸಾಸಿವೆ ಹೊಲಗಳಲ್ಲಿ ಸಿಗುತ್ತದೆ, ನಮ್ಮ ಕಡೆ ಅಪರೂಪ. ಸರ್ವಿಸ್ ಉದ್ದಕ್ಕೂ ಬೋರ್ಡಿನ ಮೇಲೆ ಅದರ ಮುಖ ಬರೆದಿದ್ದೇನೆ. ನಮ್ಮ ಜಿಲ್ಲೆಯ ನೆಲದಿಂದ ಎದ್ದದ್ದನ್ನು ಒಂದು ಸಲವೂ ನೋಡಿಲ್ಲ. ನೋಡಬೇಕೆಂಬ ಆಸೆ ಇತ್ತು.

ನಮ್ಮ ಪೇಟೆಯ ಮನೆಗಳಲ್ಲಿ ಮೊದಲು ಗುಂಡಿ ಮಗ್ಗಗಳಿದ್ದವು. ನಮ್ಮಪ್ಪ ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೂತರೆ ಸೊಂಟದ ಮೇಲಷ್ಟೇ ಕಾಣುತ್ತಿದ್ದರು. ಬೀದಿಯಲ್ಲಿ ಇಪ್ಪತ್ತು ಮನೆ, ಮನೆಗೊಂದು ಗುಂಡಿ, ಗುಂಡಿಗೊಬ್ಬರು. ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ, ಆದರೆ ಪಕ್ಕದ ಮಗ್ಗದ ಸದ್ದು ನಿಂತರೆ ಕತ್ತೆತ್ತಿ ಕೇಳುತ್ತಿದ್ದರು. ನಿನ್ನ ಜೇನೂ ಹಾಗೆಯೇ. ಅಕ್ಕಪಕ್ಕದಲ್ಲೇ ತೋಡುತ್ತವೆ, ಆದರೂ ಒಂಟಿ. ಈಗ ನಮ್ಮ ಎದುರು ಮನೆಯಲ್ಲಿ ಕರೆಂಟಿನ ಮಗ್ಗ ಬಂದಿದೆ, ಅದು ನಿಲ್ಲುವುದೇ ಇಲ್ಲ.

ಚೀಟಿಯಲ್ಲಿ "ಅಂಗಳ" ಎಂದು ಬರೆದು ಕೈತೊಳೆದುಕೊಂಡಿದ್ದೀಯ. ಎಂಥ ಅಂಗಳ? ಮಣ್ಣಿನದೇ ಸರಿ, ಸಾರಿಸಿದ್ದೋ, ಸಾರಿಸದ್ದೋ? ನೆಲ ಗೊತ್ತಿಲ್ಲದೆ ಜೇನು ಗೊತ್ತಾಗುವುದಿಲ್ಲ.

ಜ್ಯೋತಿಲಕ್ಷ್ಮಿ


ಗೋಪಿನಾಥಂ
3 ಮಾರ್ಚ್ 2023

ಪೂಜ್ಯ ಮೇಡಂ ಅವರಿಗೆ ನಮಸ್ಕಾರಗಳು.

ಕುಚ್ಚು ಇದೆ! ಕಾಲಿನ ಬುಡದಲ್ಲಿ, ಗುಂಗುರಾಗಿ, ಸೀರೆಯ ಸೆರಗಿಗೆ ಕಟ್ಟುವ ಕುಚ್ಚಿನ ಹಾಗೇ. ರೆಕ್ಕೆಯ ನರ ನೆಟ್ಟಗಿದೆ ಎಂದು ನನಗನಿಸುತ್ತದೆ. ಮಖಮಲ್ಲು ಮಾತ್ರ ಸಿಗಲಿಲ್ಲ. ಹೆಬ್ಬೆಟ್ಟಿನ ಕನ್ನಡಿಗೆ ಅಷ್ಟು ಶಕ್ತಿಯಿಲ್ಲ. ನೇರ ಹಿಡಿದೆ, ಓರೆ ಹಿಡಿದೆ, ನಾನೇ ಓರೆಯಾದೆ. ಅಷ್ಟರಲ್ಲಿ ಹುಚ್ಚೆಳ್ಳು ಹೂವೂ ಮುಗಿಯಿತು. ಜೇನುಗಳು ದಿನದಿನಕ್ಕೆ ಕಡಿಮೆಯಾಗುತ್ತಿವೆ. ಬೆಳಿಗ್ಗೆ ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂತರೆ ಈಗ ನೋಡಲು ಏನೂ ಇರುವುದಿಲ್ಲ.

ಒಂದು ಮಾತು ಕೇಳಲೇ? ಡಬ್ಬಿ ನಿಮ್ಮ ಹತ್ತಿರವೇ ಇದೆ. ನಿಮ್ಮ ಮನೆಯಲ್ಲಿ ದೊಡ್ಡ ಮೈಕ್ರೋಸ್ಕೋಪು ಇದೆ ಎಂದು ನಿಮ್ಮ ಪೇಟೆಗೆ ಟಪಾಲು ಕೊಡುವವರೇ ಹೇಳಿದರು. ಒಂದು ಸಲ ಬಗ್ಗಿ ನೋಡಿದರೆ ಮುಗಿಯುವ ಕೆಲಸಕ್ಕೆ ನನ್ನನ್ನು ಯಾಕೆ ಕುಣಿಸುತ್ತಿದ್ದೀರಿ? ಕಪ್ಪೆಯ ಸೇಡು ತೀರಿಸಿಕೊಳ್ಳುತ್ತಿದ್ದೀರಾ?

ಯುಗಾದಿಗೆ ರೋಜಾ ಬಂದ ಮೇಲೆ ಇಬ್ಬರೂ ಸೇರಿ ನೋಡುತ್ತೇವೆ. ಹೂ ಕಟ್ಟುವ ಕೈ ಅವಳದು, ಕಣ್ಣು ಚುರುಕು.

ದೇವರಾಜು


ಕೊಳ್ಳೇಗಾಲ
15 ಮಾರ್ಚ್ 2023

ಚಿ. ದೇವರಾಜುವಿಗೆ.

ಮೈಕ್ರೋಸ್ಕೋಪಿನ ಕನ್ನಡಿ ಮಸುಕಾಗಿದೆ. ರಿಪೇರಿಯವರು ಮೈಸೂರಿನಲ್ಲಿದ್ದಾರೆ.

ನೀನು ಈ ಸಲವೂ ನೆಲದ ಬಗ್ಗೆ ಬರೆದಿಲ್ಲ. ಹಾಗಾಗಿ ನಾನೇ ಬರೆಯುತ್ತೇನೆ. ವಾರಕ್ಕೊಮ್ಮೆ ಸಗಣಿ ಹಾಕಿ ಸಾರಿಸುವ ಅಂಗಳದಲ್ಲಿ ಈ ಜೇನು ಮನೆ ಮಾಡುವುದಿಲ್ಲ. ಪೊರಕೆ ಆಡಿಸುವ ಕಡೆ, ನೀರು ಚಿಮುಕಿಸುವ ಕಡೆ, ರಂಗೋಲಿ ಇಡುವ ಕಡೆ ತೋಡುವುದಿಲ್ಲ. ಯಾರೂ ಕೈಯಾಡಿಸದೆ ವರ್ಷಗಟ್ಟಲೆ ಬಿದ್ದ ನೆಲವೇ ಅದಕ್ಕೆ ಬೇಕು. ಒಂದು ವರ್ಷ ಬಂದ ಒಂದೆರಡು ಮುಂದಿನ ವರ್ಷ ಹತ್ತಾರಾಗುತ್ತವೆ. ನಿನ್ನ ಅಂಗಳದ ತುಂಬ ಇವೆ.

ದೇವರಾಜು, ರೋಜಾ ಲೊಕ್ಕನಹಳ್ಳಿಗೆ ಹೋಗಿ ಎಷ್ಟು ಕಾಲವಾಯಿತು?

ಜ್ಯೋತಿಲಕ್ಷ್ಮಿ


ಗೋಪಿನಾಥಂ
20 ಸೆಪ್ಟೆಂಬರ್ 2023

ಮೇಡಂ ಅವರಿಗೆ ನಮಸ್ಕಾರಗಳು.

ಇಷ್ಟು ದಿನ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಜೇನಿನ ಹೆಸರು ಕೇಳಿದರೆ ನನ್ನ ಮನೆಯೊಳಗೆ ಕಣ್ಣು ಹಾಯಿಸಿದರಲ್ಲ ಎಂದು. ಯುಗಾದಿ ಹೋಯಿತು, ಮೊನ್ನೆ ಗೌರಿ ಹಬ್ಬವೂ ಹೋಯಿತು. ಇನ್ನು ಯಾರ ಹತ್ತಿರ ಮುಚ್ಚಿಡುವುದು? ಚೀಟಿ ತಿದ್ದಿ ಕಳಿಸುತ್ತಿದ್ದೇನೆ.

ಗೋಪಿನಾಥಂ. 5 ಫೆಬ್ರವರಿ 2023. ಎರಡು ವರ್ಷದಿಂದ ಸಾರಿಸದ ಅಂಗಳ. ಹಿಡಿದವರು: ದೇವರಾಜು.

ಜಗಳವಾಗಿ ಹೋದವಳಲ್ಲ ರೋಜಾ. ತವರಿನ ಊರಿನ ಅಂಗನವಾಡಿಯಲ್ಲಿ ಸಹಾಯಕಿ ಕೆಲಸ ಸಿಕ್ಕಿತು, ಹೋದಳು. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದಳು, ಆಮೇಲೆ ಹಬ್ಬಕ್ಕೆ. ಆಮೇಲೆ ಹಬ್ಬಕ್ಕೂ ಅಂಗನವಾಡಿಯಲ್ಲಿ ಕೆಲಸವಿರುತ್ತಿತ್ತು. ಜೇನು ಕಚ್ಚುವುದಿಲ್ಲ ಎಂದಾಗ ನಕ್ಕಳು ಅಂತ ಬರೆದಿದ್ದೆ. ನಗಲಿಲ್ಲ. "ಸರಿ ಬುಡಿ" ಅಂದಳು, ಅಷ್ಟೇ. ಈ ಊರಿನಲ್ಲಿ ಎಲ್ಲರ ಕಾಗದವೂ ನನ್ನ ಕೈ ಮೇಲೆ ಹಾದುಹೋಗುತ್ತದೆ. ನನ್ನ ಹೆಸರಿಗೆ ಬರುವುದು ನಿಮ್ಮದೊಂದೇ. ಅದೂ ನಿಂತ ಮೇಲೆ ಚೀಲ ಬಿಚ್ಚುವುದೇ ಬೇಡವೆನಿಸುತ್ತಿತ್ತು.

ಮೊನ್ನೆ ಬೇಸರಕ್ಕೆ ನಿಮ್ಮ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದೆ. ಆಗ ಕಂಡಿತು. ಅಕ್ಷರ ಒಂದಕ್ಕಿಂತ ಒಂದು ದೊಡ್ಡದಾಗಿದೆ. ಕೊನೆಯ ಕಾಗದದಲ್ಲಿ ಸಾಲುಗಳು ಒಂದರ ಮೇಲೊಂದು ಹತ್ತಿವೆ, ಒಂದು ಸಾಲು ಕಾಗದ ದಾಟಿ ಆಚೆ ಹೋಗಿದೆ. ಫೋಟೋ ಬೇಡ ಎಂದಿರಿ. ಕೂದಲಿದೆಯೋ ಎಂದು ಬೆರಳಾಡಿಸಿ ನೋಡಿದೆ ಎಂದಿರಿ. ನಾನು ಪೆದ್ದನ ಹಾಗೆ ನಕ್ಕೆ.

ಮಸುಕಾಗಿರುವುದು ಮೈಕ್ರೋಸ್ಕೋಪಿನ ಕನ್ನಡಿಯೇ, ಮೇಡಂ?

ದೇವರಾಜು


ಕೊಳ್ಳೇಗಾಲ
5 ಅಕ್ಟೋಬರ್ 2023

ದೇವರಾಜು,

ಅಲ್ಲ. ಕಣ್ಣು.

ನಡು ಹೋಗಿದೆ, ಅಂಚು ಉಳಿದಿದೆ. ಸೀರೆ ಹಿಡಿದರೆ ಅಂಚು ಕಾಣುತ್ತದೆ, ಒಡಲು ಕಾಣುವುದಿಲ್ಲ. ಎದುರು ಕೂತವರ ಕಿವಿ, ಭುಜ ಕಾಣುತ್ತದೆ, ಮುಖದ ಜಾಗದಲ್ಲಿ ಹೊಗೆ. ಮೈಸೂರಿನ ಡಾಕ್ಟರು ಕಣ್ಣಿಗೇ ಸೂಜಿ ಹಾಕಿದರು, ಉಳಿದದ್ದನ್ನು ಉಳಿಸಿಕೊಳ್ಳಿ ಎಂದರು. ನೀನು ದೊಡ್ಡದಾಗಿ ಬರೆದರೆ ಕಾಗದವನ್ನು ಪಕ್ಕಕ್ಕೆ ಹಿಡಿದು ಒಂದೊಂದೇ ಪದ ಹಿಡಿಯುತ್ತೇನೆ. ನಿನ್ನ ಒಂದು ಕಾಗದಕ್ಕೆ ನನಗೆ ಒಂದು ದಿನ ಬೇಕು. ಒಂದು ದಿನ ಕಳೆಯಿತಲ್ಲ ಎಂದು ಸಂತೋಷಪಡುತ್ತೇನೆ. ಮಾರ್ಚಿನಿಂದ ಈಚೆಗೆ ಹಾಗೆ ಕಳೆಯಲು ಏನೂ ಇರಲಿಲ್ಲ.

ಯಾರಿಗೂ ಹೇಳಿಲ್ಲ. ಹೇಳಿದರೆ ತಮ್ಮನ ಮಗಳು ಶ್ವೇತಾ ಬಂದು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾಳೆ. ಒಳ್ಳೆಯ ಹುಡುಗಿ. ಆದರೆ ಅಲ್ಲಿ ನಾನು ಕೂತಲ್ಲೇ ಕೂರಬೇಕು. ಇಲ್ಲಿ ಗೋಡೆಗಳೆಲ್ಲ ನನಗೆ ಗೊತ್ತು.

ಈ ಕಾಗದದ ಜೊತೆ ನನ್ನ ಮಡಿಸುವ ಭೂತಗನ್ನಡಿ ಕಳಿಸಿದ್ದೇನೆ. ಹತ್ತು ಪಟ್ಟು ತೋರಿಸುತ್ತದೆ. ಕಣ್ಣಿಗೆ ಅಂಟಿಸಿಕೊಂಡು ಹುಳುವನ್ನು ಹತ್ತಿರ ತಾ. ಜನವರಿಯಲ್ಲಿ ಅವು ಮತ್ತೆ ಏಳುತ್ತವೆ. ಆಗ ಮಖಮಲ್ಲು ನೋಡಿ ಬರೆ. ನನಗೆ ಅದೊಂದು ತಿಳಿಯಬೇಕು.

ಇನ್ನೊಂದು ಮಾತು. ಜೇನು ಕಚ್ಚುವುದಿಲ್ಲ ಎಂದು ಮೊದಲ ಕಾಗದದಲ್ಲೇ ಬರೆದಿದ್ದೆ, ನೀನೂ ರೋಜಾಳಿಗೆ ಹೇಳಿದೆ. ಆದರೂ ಅವಳು ಬರಲಿಲ್ಲ. ಅಂದರೆ ತಡೆದದ್ದು ಜೇನಲ್ಲ. ಲೊಕ್ಕನಹಳ್ಳಿಗೆ ಬಸ್ಸಿದೆ. ಹೋಗು. ಜೇನಿನ ಮಾತೆತ್ತದೆ ಅವಳನ್ನು ಕೇಳು.

ಜ್ಯೋತಿಲಕ್ಷ್ಮಿ


ಗೋಪಿನಾಥಂ
18 ಜನವರಿ 2024

ಮೇಡಂ,

ಕನ್ನಡಿ ಬಂದಿದೆ. ಕಾಗದ ಬರೆಯುವಂಥದ್ದೇನಾದರೂ ಆಗಲಿ ಎಂದು ಕಾದೆ. ಆಗಿದೆ.

ಕಾರ್ತಿಕದಲ್ಲಿ ಹನೂರಿನ ಮೇಲೆ ಲೊಕ್ಕನಹಳ್ಳಿಗೆ ಹೋದೆ. ಅಂಗನವಾಡಿಯ ಮುಂದೆ ರೋಜಾ ಮಕ್ಕಳ ಕೈ ತೊಳೆಸುತ್ತಿದ್ದಳು. ಒಂದು ಮಗು ಅವಳ ಸೆರಗು ಹಿಡಿದುಕೊಂಡು, ಇನ್ನೊಂದು ಬೆನ್ನ ಮೇಲೆ. ಅಷ್ಟು ಜನರ ನಡುವೆ ಅವಳನ್ನು ನಾನು ನೋಡಿಯೇ ಇರಲಿಲ್ಲ. ನೀವು ಹೇಳಿದಂತೆ ಜೇನಿನ ಮಾತೆತ್ತಲಿಲ್ಲ. "ಬರ್ತೀಯಾ?" ಎಂದು ಕೇಳಿದೆ. ಮಗುವಿನ ಕೈಯನ್ನು ಸೆರಗಿನಲ್ಲಿ ಒರೆಸಿ, "ಸಂಕ್ರಾಂತಿಗೆ ಬತ್ತೀನಿ ಓಗಿ" ಅಂದಳು. ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳಿದೆ, ನಮ್ಮ ಮನೆಯವಳು ಬರ್ತಾಳೆ ಎಂದು.

ಹೇಳಿದಂತೆ ಬಂದಳು. ಹಬ್ಬದ ಹಿಂದಿನ ದಿನ, ಬೆಟ್ಟದ ಕಡೆಯಿಂದ ಬರುವ ಬಸ್ಸಿಗೆ. ಅಂಗಳಕ್ಕೆ ಕಾಲಿಟ್ಟವಳೇ, "ಇದೇನ್ರಿ, ಅಂಗ್ಳ ಇಂಗ್ ಬಿದ್ದದೆ?" ಎಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು. ಬೆಳಗಾಗುತ್ತಲೇ ಪುಟ್ಟಮಾದಯ್ಯನ ಕೊಟ್ಟಿಗೆಯಿಂದ ಬಕೆಟ್ಟು ತುಂಬ ಸಗಣಿ ತಂದಳು. ಸೆರಗು ಸಿಕ್ಕಿಸಿದಳು.

ಮೇಡಂ, ನೆಲದೊಳಗೆ ಅವು ಎಚ್ಚರವಾಗಿರುತ್ತವೆ, ಇವತ್ತೋ ನಾಳೆಯೋ ಮೇಲೆ ಬರುತ್ತವೆ ಎಂದು ನನಗೆ ಗೊತ್ತಿತ್ತು. ನೀವು ಕಾಯುತ್ತಿದ್ದೀರೆಂದೂ ಗೊತ್ತಿತ್ತು. ಬೇಡ ಅನ್ನಲು ಬಾಯಿ ತೆರೆದೆ. ಆದರೆ ಹೆಂಡತಿ ಇಷ್ಟು ಕಾಲದ ಮೇಲೆ ಬಂದು ಮನೆಯ ಅಂಗಳಕ್ಕೆ ಸಗಣಿ ಹಾಕುವಾಗ ಬೇಡ ಎನ್ನುವ ಗಂಡಸು ಯಾರು? ಸಾರಿಸುವ ಕೈ ಎಂದರೆ ಇಲ್ಲೇ ಇರಲು ಬಂದ ಕೈ ಎಂದುಕೊಂಡೆ. ಬಿಟ್ಟೆ. ಒಂದಂಗುಲ ಬಿಡದೆ ಎರಡು ಸಲ ಬಳಿದಳು. ರಂಗೋಲಿ ಇಟ್ಟಳು. ನಾನು ಕುಣಿದುಕೊಂಡು ಅಂಗಡಿಗೆ ಹೋಗಿ ಎಳ್ಳು, ಬೆಲ್ಲ, ಅವಳಿಗೆಂದು ಒಂದು ಹೊಸ ಪೊರಕೆ ತಂದೆ.

ಬರುವಷ್ಟರಲ್ಲಿ ಅವಳ ಟ್ರಂಕು ಹೊಸ್ತಿಲಲ್ಲಿತ್ತು. ಮದುವೆಯಲ್ಲಿ ತಂದ ಟ್ರಂಕು, ಇಷ್ಟು ದಿನ ಇಲ್ಲೇ ಇತ್ತು.

"ಮತ್ತೆ ಅಂಗಳ ಯಾಕೆ ಸಾರಿಸಿದೆ?" ಎಂದೆ. ಹೊಸ ಪೊರಕೆ ಇನ್ನೂ ಕೈಯಲ್ಲೇ ಇತ್ತು.

"ಬುಟ್ಟು ಓಗೋ ಮನೆ ಅಂತ ಅಂಗೇ ಬುಟ್ಟೋಗ್ಬಾರ್ದು ಕಣ್ರಿ. ನಮ್ಮವ್ವ ಏಳ್ಕೊಟ್ಟಿರೋದು" ಅಂದಳು. ಆಮೇಲೆ ಅಳುತ್ತಾ, "ನಿಮ್ ತಪ್ಪಿಲ್ಲ. ಇಲ್ಲಿ ನೀವಿದ್ರೂ ನಾನ್ ಒಬ್ಳೇ ಇದ್ದೆ. ಅಲ್ಲಿ ಆ ಮಕ್ಳು ನನ್ನ ಬುಡಾಕಿಲ್ಲ. ನನ್ನ ಕರೀಬ್ಯಾಡಿ" ಅಂದಳು.

ಟ್ರಂಕನ್ನು ನಾನೇ ಹೊತ್ತು ಬಸ್ಸಿಗೆ ಹಾಕಿದೆ. ಅವಳೂ ಹೋದಳು, ನಿಮ್ಮ ಜೇನೂ ಹೋಯಿತು. ಅಂಗಳ ಈಗ ಕನ್ನಡಿಯ ಹಾಗಿದೆ, ಒಂದು ತೂತಿಲ್ಲ. ನಾನು ಹಿತ್ತಿಲ ಬಾಗಿಲಿಂದ ಓಡಾಡುತ್ತಿದ್ದೇನೆ. ನಿಮಗೆ ಮಖಮಲ್ಲು ನೋಡಿ ಹೇಳಲಾಗಲಿಲ್ಲ. ಕ್ಷಮಿಸಿ.

ದೇವರಾಜು


ಕೊಳ್ಳೇಗಾಲ
27 ಜನವರಿ 2024

ದೇವರಾಜು,

ತಡೆಯದೆ ಇದ್ದದ್ದು ಒಳ್ಳೆಯದಾಯಿತು. ಅವಳ ಕೈ ಹಿಡಿದು ನಿಲ್ಲಿಸಿದ್ದರೆ, ನಿಲ್ಲಿಸಿದ್ದಕ್ಕೇ ಹೋದಳು ಎಂದು ನೀನು ಬದುಕಿರುವವರೆಗೂ ಕೊರಗುತ್ತಿದ್ದೆ. ನಿನ್ನ ಕಾಗದ ಓದಿ ನನಗೆ ಬಹಳ ಸಂಕಟವಾಯಿತು. ಹೋಗು ಎಂದವಳು ನಾನೇ.

ಜೇನಿನ ವಿಷಯ ನನಗೆ ಗೊತ್ತಿಲ್ಲ. ಹುಟ್ಟಿದಾಗಿನಿಂದ ಮಣ್ಣಿನಲ್ಲೇ ಇದ್ದು, ಮಣ್ಣು ತಳ್ಳಿಕೊಂಡೇ ಮೇಲೆ ಬರುವ ಜೀವ ಅದು. ಒಣಗಿದ ಸಗಣಿಯ ಎರಡು ಪದರ ಅದಕ್ಕೆ ಎಷ್ಟು ಗಟ್ಟಿಯೋ ಯಾವ ಪುಸ್ತಕದಲ್ಲೂ ಓದಿಲ್ಲ. ಮುಂಬಾಗಿಲಿಂದಲೇ ಓಡಾಡು. ದಿನಾ ಬೆಳಿಗ್ಗೆ ಕಾಫಿ ಹಿಡಿದು ಅದೇ ಮೆಟ್ಟಿಲ ಮೇಲೆ ಕೂರು. ಏಳಲಿಲ್ಲ ಎಂದಾದರೆ ಅದನ್ನೂ ಬರೆ. ಏನೂ ಇಲ್ಲ ಎಂದು ಬರೆಯಲಿಕ್ಕಾದರೂ ಬರೆ.

ಜ್ಯೋತಿಲಕ್ಷ್ಮಿ


ಗೋಪಿನಾಥಂ
9 ಫೆಬ್ರವರಿ 2024

ಮೇಡಂ,

ಈ ಕಾಗದವನ್ನು ನಿಧಾನವಾಗಿ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಎದ್ದಿವೆ. ಸೋಮವಾರ ಬೆಳಿಗ್ಗೆ ಅರ್ಧ ಅಳಿಸಿದ ರಂಗೋಲಿಯ ಪಕ್ಕ ಒಂದು ಬಿರುಕು ಕಂಡಿತು. ಬಿಸಿಲೇರಿದಂತೆ ಬಿರುಕು ಮುಚ್ಚಳದ ಹಾಗೆ ಮೇಲೆದ್ದಿತು. ಒಂದು ತಲೆ ಹೊರಬಂತು. ಬಹಳ ಹೊತ್ತು ಹಾಗೇ ಇತ್ತು, ಆಮೇಲೆ ಮೈ ಎಳೆದುಕೊಂಡು ಬಂದು ಕೂತಿತು. ಮಧ್ಯಾಹ್ನದೊಳಗೆ ಅಂಗಳದ ತುಂಬ ಅದೇ ಕೆಲಸ. ಹಸಿರು ನೆಲದ ಮೇಲೆ ಕೆಂಪು ಮಣ್ಣಿನ ಗುಡ್ಡೆಗಳು. ಪುಟ್ಟಮಾದಯ್ಯ ಬೇಲಿಯಲ್ಲಿ ನಿಂತು, "ಅಷ್ಟ್ ಚೆಂದಾಗ್ ಸಾರ್ಸಿದ್ದ ಕಿತ್ತಾಕ್ಬುಟ್ಟವಲ್ಲೋ" ಎಂದು ಮರುಗಿದ. ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ಖುಷಿಗೋ ದುಃಖಕ್ಕೋ ಗೊತ್ತಿಲ್ಲ. ರೋಜಾಳಿಗೆ ಹೇಳಬೇಕೆನಿಸಿ ಫೋನು ಕೈಗೆ ತೆಗೆದುಕೊಂಡೆ. ಕರೆಯಬೇಡಿ ಅಂದಿದ್ದಳಲ್ಲ, ಇಟ್ಟೆ.

ಬದುಕಿರುವುದನ್ನು ಹಿಡಿಯಲು ಮನಸ್ಸು ಬರಲಿಲ್ಲ. ಒಂದು ಮಾತ್ರ ಪದರ ಒಡೆಯಲಾಗದೆ, ತಲೆ ಹೊರಗೆ ಹಾಕಿ ಅಲ್ಲೇ ಸತ್ತಿತ್ತು. ಅದನ್ನೇ ತೆಗೆದುಕೊಂಡೆ. ನಿಮ್ಮ ಕನ್ನಡಿಯನ್ನು ಕಣ್ಣಿಗೆ ಅಂಟಿಸಿಕೊಂಡೆ. ಇನ್ನು ನಾನು ಕಂಡದ್ದನ್ನು ಬರೆಯುತ್ತೇನೆ, ತಿಳಿದದ್ದನ್ನಲ್ಲ.

ಕಾಲಿನ ಬುಡದಲ್ಲಿ ಕುಚ್ಚು ಇದೆ, ಬೆಳ್ಳಗೆ, ಸುರುಳಿಯಾಗಿ. ರೆಕ್ಕೆಯ ನರ ನೆಟ್ಟಗಿದೆ, ಕಡ್ಡಿಯ ಹಾಗೆ, ಬಾಗಿಲ್ಲ. ಮುಖ ಕಪ್ಪು. ನೇರ ನೋಡಿದಾಗ ಬರೀ ಕಪ್ಪು. ಓರೆ ಮಾಡಿದೆ. ಬಿಸಿಲು ಎಡಗಡೆಯಿಂದ ಬೀಳುತ್ತಿತ್ತು. ಆಗ ಮೇಡಂ, ಕಣ್ಣಿನ ಪಕ್ಕದಲ್ಲಿ, ಒಳ ಅಂಚಿಗೆ, ಮೇಲಿಂದ ಕೆಳಗೆ ಒಂದು ಪಟ್ಟಿ ಹೊತ್ತಿಕೊಂಡಿತು. ಕಂದು ಬಣ್ಣದ ಮಖಮಲ್ಲು. ಮೇಲೆ ಅಗಲ, ಕೆಳಗೆ ಕಿರಿದು. ಮೈ ತಿರುಗಿಸಿದರೆ ಆ ಕಡೆಯ ಕಣ್ಣಿಗೂ ಅಂಥದೇ ಇನ್ನೊಂದು. ಮತ್ತೆ ನೇರ ಹಿಡಿದರೆ ಇಲ್ಲ. ಓರೆ ಹಿಡಿದರೆ ಇದೆ. ಹೀಗೇ ಎಷ್ಟು ಸಲ ನೋಡಿದೆನೋ, ಟಪಾಲು ಚೀಲದ ಬಸ್ಸು ಹಾರನ್ ಹೊಡೆದಾಗಲೇ ಎಚ್ಚರವಾಯಿತು.

ಇದನ್ನು ಅಂಚೆಗೆ ಹಾಕುವುದಿಲ್ಲ. ನನ್ನ ಸೀಲನ್ನು ನಾನೇ ನಂಬುವುದಿಲ್ಲ. ಈ ತಿಂಗಳ ಕೊನೆಯ ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ನಾನೇ ತರುತ್ತೇನೆ. ಚೀಟಿ ಹೀಗಿದೆ.

ಗೋಪಿನಾಥಂ. 5 ಫೆಬ್ರವರಿ 2024.
ನೆಲ: ರೋಜಾ ಸಾರಿಸಿದ ಅಂಗಳ.
ಹಿಡಿದವರು: ದೇವರಾಜು.
ಗುರುತಿಸಿದವರು:

ಕೊನೆಯ ಜಾಗ ನಿಮಗೆ ಬಿಟ್ಟಿದ್ದೇನೆ.

ದೇವರಾಜು


ಕೊಳ್ಳೇಗಾಲ
16 ಫೆಬ್ರವರಿ 2024

ದೇವರಾಜು,

ನಿನ್ನ ಕಾಗದಕ್ಕೆ ಈ ಸಲ ಎರಡು ದಿನ ಹಿಡಿಯಿತು. ಮಖಮಲ್ಲಿನ ಭಾಗವನ್ನು ಮತ್ತೆ ಮತ್ತೆ ಓದಿದೆ. ಮೇಲೆ ಅಗಲ, ಕೆಳಗೆ ಕಿರಿದು. ಬೋರ್ಡಿನ ಮೇಲೆ ಇಷ್ಟು ವರ್ಷ ನಾನು ಬರೆದದ್ದೂ ಹಾಗೆಯೇ.

ಆಂಡ್ರೀನಾ. ನಮ್ಮ ನೆಲದ್ದೇ.

"ಗುರುತಿಸಿದವರು" ಎಂಬಲ್ಲಿ ನನ್ನ ಹೆಸರು ಬರೆಯುವ ಹಾಗಿಲ್ಲ. ಕಂಡವರು ಹಾಕತಕ್ಕದ್ದು ಎಂದು ಕಟ್ಟಳೆ ಮಾಡಿದವಳು ನಾನೇ. ಕಂಡವನು ನೀನು. ನಿನ್ನ ಹೆಸರು ಬರೆದುಕೊಂಡು ಬಾ. ಸಿನಿಮಾದ ಹೆಸರೂ ನೆನಪು ಮಾಡಿಕೊಂಡು ಬಾ.

ಭಾನುವಾರ ಬಾಗಿಲು ಹಾಕಿರುವುದಿಲ್ಲ. ಮಗ್ಗವಿದ್ದ ನಡುಮನೆಯಲ್ಲಿ ಕಿಟಕಿಯ ಕಡೆ ಕೂತಿರುತ್ತೇನೆ. ಒಳಗೆ ಬಂದವನು ನನ್ನ ಎದುರಿಗೆ ನಿಂತುಕೊಳ್ಳಬೇಡ, ಎದುರಿಗೆ ನಿಂತರೆ ಕಾಣುವುದಿಲ್ಲ. ಪಕ್ಕಕ್ಕೆ ಬಂದು, ಬೆಳಕಿನ ಕಡೆ ಸ್ವಲ್ಪ ಓರೆಯಾಗಿ ನಿಲ್ಲು. ನಾನು ನಿನ್ನ ಮುಖ ನೋಡಬೇಕು.

ಜ್ಯೋತಿಲಕ್ಷ್ಮಿ